ಏಳೂವರೆಯಲ್ಲ, ಹದಿನೈದು

ಬೆಳಗಿನ ಐದೂಮುಕ್ಕಾಲು. ಶಾಲೆಯ ಗೇಟು ಕಾಯುವ ತಾತ ಇನ್ನೂ ಹೊದಿಕೆ ಮಡಿಸಿಲ್ಲ. ಅಷ್ಟರಲ್ಲಿ ಹೂವಿನ ಟೀಚರ್ ಬಂದು ನಿಂತಿದ್ದಾರೆ. ನಿಮ್ಮ ದೆಸೆಯಿಂದ ಸೂರ್ಯನಿಗೂ ನೆಮ್ಮದಿಯ ನಿದ್ದೆಯಿಲ್ಲ ಎಂದು ಗೊಣಗುತ್ತಲೇ ತಾತ ಬೀಗ ತೆಗೆಯುತ್ತಾನೆ. "ಅವನು ಮಲಗಿದ್ರೇ ನಂಗೆ ಅನುಕೂಲ ತಾತ, ಎಬ್ಬಿಸಬೇಡ" ಎಂದು ಟೀಚರ್ ಒಳಗೆ ಹೋಗುತ್ತಾರೆ. ಮಾತು ತಮಾಷೆಯದಾದರೂ ಸುಳ್ಳಲ್ಲ. ಪ್ರಯೋಗಾಲಯದ ಎರಡು ಕಿಟಕಿಗಳಿಗೂ ಪರದೆಯಿಲ್ಲ. ಬಿಸಿಲು ಒಳಗೆ ಬಂತೆಂದರೆ ಅವರು ಮಾಡಬೇಕೆಂದಿರುವ ಕೆಲಸ ಕೆಡುತ್ತದೆ.

ಉದ್ದನೆಯ ಮೇಜು. ಅದರ ಮೇಲೆ ಎಷ್ಟೋ ವರ್ಷಗಳ ಆಸಿಡ್ಡಿನ ಕಲೆಗಳು, ಸುಟ್ಟ ಉಂಗುರಗಳು. ಮೂಲೆಯ ನಲ್ಲಿಗೆ ಬಟ್ಟೆ ಸುತ್ತಿದೆ. ಬಿಚ್ಚಿದರೆ ತೊಟ್ಟಿಕ್ಕುವುದು ನಿಲ್ಲುವುದಿಲ್ಲ. ಟೀಚರ್ ಮರದ ಅಳತೆಪಟ್ಟಿ ಇಡುತ್ತಾರೆ. ನಡುವೆ ಮಸೂರ, ಅದರ ಆಚೆ ಮೂವತ್ತು ಸೆಂಟಿಮೀಟರು ದೂರದಲ್ಲಿ ಮೇಣದಬತ್ತಿ, ಈಚೆ ಒಂದು ಬಿಳಿಯ ರಟ್ಟು. ಬತ್ತಿ ಹಚ್ಚಿ ರಟ್ಟನ್ನು ಮೆಲ್ಲಗೆ ಸರಿಸುತ್ತಾರೆ. ಮೊದಲು ಒಂದು ಹಳದಿ ಮಸುಕು. ಆಮೇಲೆ ಅದಕ್ಕೊಂದು ಆಕಾರ. ಹದಿನೈದರ ಗೀಟಿಗೆ ಬರುವಾಗ, ಪುಟ್ಟ ಜ್ವಾಲೆಯೊಂದು ತಲೆಕೆಳಗಾಗಿ, ಸೂಜಿಯ ಮೊನೆಯಂತೆ ಚೂಪಾಗಿ ರಟ್ಟಿನ ಮೇಲೆ ನಿಲ್ಲುತ್ತದೆ. ಅವರು ಬಗ್ಗಿ ನೋಡುತ್ತಾರೆ. ಬತ್ತಿ ಆರಿಸುತ್ತಾರೆ. ಮತ್ತೆ ಹಚ್ಚುತ್ತಾರೆ. ಒಂಬತ್ತು ಗಂಟೆಗೆ ಹತ್ತನೆಯ ತರಗತಿಯ ನಲವತ್ತೊಂದು ಮಕ್ಕಳು ಇದೇ ಮೇಜಿನ ಸುತ್ತ ನಿಲ್ಲುವವರಿದ್ದಾರೆ. ಅಷ್ಟರೊಳಗೆ ಇದು ಪ್ರತಿಸಲವೂ ತಪ್ಪದೆ ಬರುವಂತಾಗಬೇಕು.

ಇವರು ಓದಿದ್ದು ಬೆಳಕಿನ ವಿಷಯವಲ್ಲ, ಗಿಡಮರಗಳ ವಿಷಯ. ವಯಸ್ಸು ಐವತ್ತೆಂಟು. ಎಲೆ, ಬೇರು, ಹೂವುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ತರಗತಿಗೆ ಬರುತ್ತಿದ್ದುದರಿಂದ ಮಕ್ಕಳು ಇಟ್ಟ ಹೆಸರು ಹೂವಿನ ಟೀಚರ್. ಮೇಷ್ಟರ ಕೆಲಸಕ್ಕೆ ಬರಬೇಕೆಂಬ ಆಸೆ ಅವರಿಗೆ ಇರಲೇ ಇಲ್ಲ. ಬೀಜ ಪರೀಕ್ಷಿಸುವ ಒಂದು ಕೇಂದ್ರದಲ್ಲಿ ಹನ್ನೊಂದು ತಿಂಗಳು ತಾತ್ಕಾಲಿಕ ಕೆಲಸ ಮಾಡಿದರು. ಒದ್ದೆ ಕಾಗದದ ಮೇಲೆ ಸಾಲಾಗಿ ಇಟ್ಟ ಬೀಜಗಳಲ್ಲಿ ಎಷ್ಟು ಮೊಳೆತವು, ಎಷ್ಟು ಸತ್ತವು ಎಂದು ನೋಡುವುದೇ ಕೆಲಸ. ಆ ಕೆಲಸ ಮುಗಿದಾಗ ಹೆರಿಗೆ ರಜೆಯ ಮೇಲೆ ಹೋದ ಯಾರದೋ ಬದಲಿಗೆ ಮೂರು ತಿಂಗಳ ಮಟ್ಟಿಗೆ ಈ ಶಾಲೆಗೆ ಬಂದರು.

ಆ ಮೂರು ತಿಂಗಳಲ್ಲಿ ಒಂದು ದಿನ ಜೀರ್ಣಾಂಗದ ಪಾಠ. ಟೀಚರ್ ಎಂಟು ಮೀಟರ್ ಹಗ್ಗ ತಂದು ತರಗತಿಯ ಉದ್ದಕ್ಕೂ ಎಳೆದರು. ನಿಮ್ಮ ಕರುಳೂ ಹೆಚ್ಚುಕಡಿಮೆ ಇಷ್ಟೇ ಉದ್ದ ಎಂದರು. "ಒಬ್ಬಳು ಚಿಕ್ಕ ಹುಡುಗಿ ಹೊಟ್ಟೆ ಮೇಲೆ ಎರಡೂ ಕೈ ಇಟ್ಕೊಂಡು, ಟೀಚರ್, ಇಷ್ಟೊಂದು ನನ್ನೊಳಗೇ ಇದೆಯಾ ಅಂದ್ಲು. ಇಡೀ ದಿನ ಕೈ ತೆಗೀಲಿಲ್ಲ, ಎಲ್ಲಿ ಚೆಲ್ಲಿಹೋಗುತ್ತೋ ಅನ್ನೋ ಹಾಗೆ. ಆ ಮುಖ ನೋಡಿದ್ಮೇಲೆ ನಂಗೆ ಬೀಜ ನೋಡೋಕೆ ಹೋಗೋ ಮನಸ್ಸಾಗ್ಲಿಲ್ಲ."

ಭೌತವಿಜ್ಞಾನ ಕಲಿಸುತ್ತಿದ್ದವರು ಅವರ ಯಜಮಾನರು. ಇದೇ ಶಾಲೆಯಲ್ಲಿ ಪರಿಚಯ, ಇದೇ ಶಾಲೆಯ ಸಹೋದ್ಯೋಗಿಗಳ ಎದುರಿಗೆ ಮದುವೆ. ಪ್ರಯೋಗ ಒಂದು ಸಲ ಸರಿಬಂದರೆ ಅವರು ಒಪ್ಪುತ್ತಿರಲಿಲ್ಲ, 'ಇನ್ನೊಮ್ಮೆ' ಎನ್ನುತ್ತಿದ್ದರು. ಹಾಗಾಗಿ ಊರಿಗೆಲ್ಲ ಇನ್ನೊಮ್ಮೆ ಮೇಷ್ಟ್ರು. ಈ ವೃತ್ತಿಗೆ ಹೇಗೆ ಬಂದಿರಿ ಎಂದು ಕೇಳಿದವರಿಗೆ ಅವರ ಉತ್ತರ ಸಿದ್ಧವಾಗಿತ್ತು: ಬೇರೆಲ್ಲೂ ಬಾ ಅನ್ನಲಿಲ್ಲ, ಬಂದೆ, ಇಲ್ಲಿ ಯಾರೂ ಹೋಗು ಅನ್ನಲಿಲ್ಲ, ಇದ್ದೆ. ಅವರ ಜೊತೆ ತರಬೇತಿ ಮುಗಿಸಿದ ಏಳು ಗೆಳೆಯರಲ್ಲಿ ಇಬ್ಬರು ಕಚೇರಿಯ ಅಧಿಕಾರಿಗಳಾದರು, ಮೂವರು ಮನೆಪಾಠದ ಕೇಂದ್ರ ತೆರೆದರು, ಒಬ್ಬ ವಿಮೆ ಮಾರಲು ಹೋದ, ಕೊನೆಯವನು ಎರಡೇ ವರ್ಷಕ್ಕೆ ಸಾಕಪ್ಪ ಸಾಕು ಎಂದು ಅಂಗಡಿಯಿಟ್ಟ. ಇನ್ನೊಮ್ಮೆ ಮೇಷ್ಟ್ರಿಗೆ ಎರಡು ಬಾರಿ ಬಡ್ತಿ ಬಂದಿತ್ತು. ಎರಡು ಬಾರಿಯೂ ಬೇಡವೆಂದರು. ಮುಖ್ಯೋಪಾಧ್ಯಾಯರಾದವರು ಮೇಣದಬತ್ತಿ ಹಚ್ಚುವ ಹಾಗಿಲ್ಲವಲ್ಲ, ಅದಕ್ಕೆ.

ಹದಿನಾಲ್ಕು ತಿಂಗಳ ಹಿಂದೆ ಅವರು ಆಸ್ಪತ್ರೆ ಸೇರಿದರು. ಒಂಬತ್ತು ದಿನ ಇದ್ದರು. ಹತ್ತನೆಯ ದಿನ, ಕೊಟ್ಟ ದೇವರೇ ಕರೆಸಿಕೊಂಡ. ಮೂರನೆಯ ವಾರ ಟೀಚರ್ ಶಾಲೆಗೆ ಮರಳಿದಾಗ ಮುಖ್ಯೋಪಾಧ್ಯಾಯಿನಿ ಬಾಗಿಲು ಹಾಕಿಕೊಂಡು ಮೆಲ್ಲಗೆ ಕೇಳಿದರು, ಬದಲಿ ಮೇಷ್ಟರನ್ನು ಕಳಿಸಿರೆಂದು ಕಚೇರಿಗೆ ಬರೆಯೋಣವೇ ಎಂದು. ಟೀಚರ್ ಬೇಡವೆಂದರು. ಭೌತವಿಜ್ಞಾನವನ್ನೂ ನಾನೇ ನಿಭಾಯಿಸುತ್ತೇನೆ ಎಂದರು. ಅಂದಿನಿಂದ ವಾರದ ನಲವತ್ತೆರಡು ಪಿರಿಯಡ್ಡುಗಳಲ್ಲಿ ಮೂವತ್ತೆಂಟು ಅವರವೇ. ಐದು ತರಗತಿ, ನೂರ ತೊಂಬತ್ತಾರು ಮಕ್ಕಳು, ಅಷ್ಟೇ ಪ್ರಯೋಗ ಪುಸ್ತಕಗಳು. ಅತ್ತವರ ಕಣ್ಣೀರನ್ನು ಬಲ್ಲ ದೇವರು, ಅಳದೆ ಪಾಠ ಮುಂದುವರಿಸಿದವರನ್ನೂ ಬಲ್ಲ.

ಆದರೆ ಒಂದು ಕೆಲಸ ಮಾತ್ರ ಅವರಿಂದ ಆಗಲಿಲ್ಲ. ಪ್ರಯೋಗಾಲಯದ ಗೋಡೆಗೆ ಯಜಮಾನರ ಕಪಾಟಿದೆ. ಅದರೊಳಗಿನ ಗಾಜು, ತಂತಿ, ಅಯಸ್ಕಾಂತ ಪ್ರತಿಯೊಂದನ್ನೂ ಅವರು ತಮ್ಮ ಹಳೆಯ ಅಂಗಿಗಳ ಚೂರಿನಲ್ಲಿ ಸುತ್ತಿಡುತ್ತಿದ್ದರು. "ಬಾಗಿಲು ಒಂದು ಬೆರಳು ತೆರೆದೆ. ನೀಲಿ ಗೀಟಿನ ಅಂಗಿ ಕಾಣಿಸ್ತು. ಮುಚ್ಚಿಬಿಟ್ಟೆ" ಎನ್ನುತ್ತಾರೆ ಟೀಚರ್. ಹೀಗಾಗಿ ಈ ವರ್ಷದ ಹತ್ತನೆಯ ತರಗತಿಗೆ ಬೆಳಕಿನ ಪಾಠ ಕಪ್ಪುಹಲಗೆಯ ಮೇಲೆಯೇ ನಡೆಯಿತು. ಪುಸ್ತಕ ಓದಿ, ಟಿಪ್ಪಣಿ ಮಾಡಿಕೊಂಡು, ಲೆಕ್ಕ ಬಿಡಿಸಿ, ಒಂದು ಮೇಣದಬತ್ತಿಯನ್ನೂ ಹಚ್ಚದೆ ಪಾಠ ಮುಗಿಸಿದರು.

ಅರ್ಧವಾರ್ಷಿಕ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದುವುದು ಬೇರೆ ಶಾಲೆಯವರು. ಅಲ್ಲಿಂದ ಒಂದು ಪತ್ರ ಬಂತು. ಮಸೂರದ ಲೆಕ್ಕಕ್ಕೆ ನಲವತ್ತೊಂದರಲ್ಲಿ ಮೂವತ್ತೇಳು ಮಕ್ಕಳು ಒಂದೇ ತಪ್ಪು ಉತ್ತರವನ್ನು ಒಂದೇ ಹಾದಿಯಲ್ಲಿ ಬರೆದಿದ್ದಾರೆ: ಏಳೂವರೆ ಸೆಂಟಿಮೀಟರು. ಉಳಿದ ನಾಲ್ವರು ಪ್ರಶ್ನೆಯನ್ನೇ ಮುಟ್ಟಿಲ್ಲ. ಇದು ಸಾಮೂಹಿಕ ನಕಲಿನಂತೆ ಕಾಣುತ್ತದೆ. ನಾಲ್ಕು ದಿನದೊಳಗೆ ವಿವರಣೆ ಕೊಡದಿದ್ದರೆ ಇಡೀ ತರಗತಿಯ ಅಂಕ ರದ್ದಾಗುತ್ತದೆ, ವಾರ್ಷಿಕ ಪರೀಕ್ಷೆಗೆ ಕೂರಿಸುವಂತಿಲ್ಲ.

ಟೀಚರಿಗೆ ಕೆಂಡದಂಥ ಸಿಟ್ಟು ಬಂತು. ತಮ್ಮ ಟಿಪ್ಪಣಿ ಪುಸ್ತಕ ತೆಗೆದು ಲೆಕ್ಕ ಮಾಡಿದರು. ಏಳೂವರೆ. ಮತ್ತೆ ಮಾಡಿದರು. ಏಳೂವರೆಯೇ. ಮಕ್ಕಳು ಸರಿಯಾಗಿಯೇ ಬರೆದಿದ್ದಾರೆ, ತಿದ್ದಿದವರಿಗೇ ಕಣ್ಣು ಕಾಣುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿಯ ಮುಂದೆ ವಾದಿಸಿದರು. ಮರುದಿನ ಬೆಳಗ್ಗೆ ಐದೂಮುಕ್ಕಾಲಿಗೆ, ತಿದ್ದಿದವರನ್ನು ಸುಳ್ಳಾಗಿಸುವ ಹಟದಿಂದ ಬಂದು, ಮೊದಲ ಬಾರಿಗೆ ಆ ಕಪಾಟು ತೆರೆದರು. ನೀಲಿ ಗೀಟಿನ ಅಂಗಿಯ ಚೂರನ್ನು ಬಿಚ್ಚಿ ಮಸೂರ ನಿಲ್ಲಿಸಿದರು. ಮೂವತ್ತಕ್ಕೆ ಮೇಣದಬತ್ತಿ ಇಟ್ಟರು. ಏಳೂವರೆಗೆ ರಟ್ಟು ಇಟ್ಟರು. ಬರಿಯ ಮಸುಕು. ಅತ್ತ ಇತ್ತ ಸರಿಸಿದರು. "ಎಷ್ಟು ಸರಿಸಿದ್ರೂ ಅಲ್ಲಿ ಏನೂ ಇಲ್ಲ. ಹದಿನೈದಕ್ಕೆ ಬಂದ್ರೆ ಜ್ವಾಲೆ ನಿಂತಿದೆ, ನನ್ನನ್ನೇ ನೋಡ್ಕೊಂಡು."

ಆದದ್ದು ಇಷ್ಟೆ. ಕನ್ನಡಿಗೆ ಒಂದು ಸೂತ್ರ, ಮಸೂರಕ್ಕೆ ಒಂದು ಸೂತ್ರ. ನೋಡಲು ಎರಡೂ ಅವಳಿ ಮಕ್ಕಳು. ಒಂದರಲ್ಲಿ ಕೂಡುವ ಚಿಹ್ನೆ, ಇನ್ನೊಂದರಲ್ಲಿ ಕಳೆಯುವ ಚಿಹ್ನೆ. ಒಂದು ನಿಲುಗೀಟಿನ ವ್ಯತ್ಯಾಸ. ಟೀಚರ್ ಮಸೂರದ ಪಾಠಕ್ಕೆ ಕನ್ನಡಿಯ ಸೂತ್ರ ಕಲಿಸಿದ್ದರು. ಭೌತವಿಜ್ಞಾನ ಓದಿದವರಾಗಿದ್ದರೆ ಬರೆಯುವಾಗಲೇ ಕೈ ತಡೆಯುತ್ತಿತ್ತು. ಇವರ ಕೈಯನ್ನು ತಡೆಯಬಹುದಾಗಿದ್ದುದು ಒಂದು ಮೇಣದಬತ್ತಿ. ಅದನ್ನು ಹಚ್ಚಲು ಇವರಿಗೆ ಧೈರ್ಯ ಬಂದಿರಲಿಲ್ಲ.

ಆ ದಿನ ಒಂಬತ್ತು ಗಂಟೆಗೆ ತರಗತಿಯಲ್ಲಿ ನಿಂತು ತಪ್ಪು ತಮ್ಮದೆಂದು ಹೇಳಿದರು. ಹಿಂದಿನ ಬೆಂಚಿನವನೊಬ್ಬ, ಹಾಗಾದರೆ ನಾವೆಲ್ಲ ಕನ್ನಡಿಯೊಳಗೆ ಕೂತು ಪರೀಕ್ಷೆ ಬರೆದ ಹಾಗಾಯಿತು ಎಂದ. ಎಲ್ಲರೂ ನಕ್ಕರು, ಟೀಚರೂ ನಕ್ಕರು. ಆಗ ಕಿಟಕಿಯ ಬಳಿಯ ಹುಡುಗಿ ಎದ್ದು ನಿಂತಳು. ಯಾವತ್ತೂ ಬಾಯಿ ಬಿಡದ ಹುಡುಗಿ.

"ಟೀಚರ್, ನಂಗೆ ಹದಿನೈದೇ ಬಂದಿತ್ತು" ಎಂದಳು. "ಪುಸ್ತಕದಲ್ಲಿರೋ ಹಾಗೆ ಮಾಡಿದ್ದೆ. ಆಮೇಲೆ ನೀವು ಹೇಳಿಕೊಟ್ಟಿದ್ದು ನೆನಪಾಯ್ತು. ಹೊಡೆದುಹಾಕಿ ಏಳೂವರೆ ಬರೆದೆ."

ಯಾಕಮ್ಮ ಹೊಡೆದುಹಾಕಿದೆ ಎಂದು ಕೇಳಿದರೆ, "ನೀವು ತಪ್ಪು ಹೇಳಲ್ಲ ಅಂತ" ಎಂದಳು.

ಈ ಮಾತು ಹೇಳುವಾಗ ಇವತ್ತಿಗೂ ಟೀಚರ್ ಕನ್ನಡಕ ತೆಗೆದು ಒರೆಸುತ್ತಾರೆ, ಅದು ಕೊಳೆಯಾಗಿರುವುದಿಲ್ಲ. "ನಮ್ಮವರು ಹೋದಾಗ್ಲೂ ಅಷ್ಟು ಅತ್ತಿರ್ಲಿಲ್ಲ ನಾನು. ಅವಳ ಕೈ ಸರಿಯಾಗಿತ್ತು. ನನ್ನ ಮಾತು ಅದನ್ನ ಹೊಡೆದುಹಾಕ್ತು."

ವಿವರಣೆಗೆ ಇನ್ನು ಮೂರು ದಿನವಿತ್ತು. ತಪ್ಪನ್ನು ಲಿಖಿತವಾಗಿ ಒಪ್ಪಿಕೊಂಡರೆ ಸೇವಾ ಪುಸ್ತಕದಲ್ಲಿ ಕಪ್ಪುಚುಕ್ಕೆ ಬೀಳುತ್ತದೆ, ನಿವೃತ್ತಿಗೆ ಎರಡೇ ವರ್ಷ ಇರುವಾಗ ಇದೇಕೆ ಬೇಕು, ಪುಸ್ತಕದ ಅಚ್ಚಿನ ತಪ್ಪೆಂದು ಬರೆದರೆ ಸಾಕು ಎಂದು ಮುಖ್ಯೋಪಾಧ್ಯಾಯಿನಿ ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಟೀಚರನ್ನು ಕಾಡಿದ್ದು ಕಪ್ಪುಚುಕ್ಕೆಯಲ್ಲ. ನಿಜ ಬರೆದರೆ ಕಚೇರಿಯವರು ಮುಂದಿನ ಪ್ರಶ್ನೆ ಕೇಳುತ್ತಾರೆ: ಗಿಡಮರ ಓದಿದವರು ಈ ಪಾಠವನ್ನೇಕೆ ಮಾಡುತ್ತಿದ್ದರು? ಯಜಮಾನರ ಜಾಗಕ್ಕೆ ಇನ್ನೊಬ್ಬರು ಬರುತ್ತಾರೆ. ಅಷ್ಟೂ ತಿಂಗಳು ಹಗಲೆಲ್ಲ ದುಡಿದು ಅವರು ತಡೆದು ನಿಲ್ಲಿಸಿದ್ದು ಅದೊಂದನ್ನೇ.

ಮಗಳು ನರ್ಸು. ಮನೆಯಲ್ಲಿ ಮೇಷ್ಟರು ಇಬ್ಬರಿದ್ದದ್ದೇ ಸಾಕು ಎಂದು ಆ ದಾರಿ ಹಿಡಿದವಳು, ಮಾತು ನೇರ. ಪಾಳಿ ಮುಗಿಸಿ ಬಂದು, ಬರೆಯದ ಕಾಗದದ ಮುಂದೆ ಕೂತ ತಾಯಿಯನ್ನು ನೋಡಿದಳು. ತಟ್ಟೆ ತೊಳೆಯುತ್ತ, ತಿರುಗಿ ನೋಡದೆಯೇ ಹೇಳಿದಳು: "ಅಮ್ಮ, ಅಪ್ಪನ ಜಾಗಕ್ಕೆ ಯಾರಾದ್ರೂ ಬಂದ್ರೆ ಅಪ್ಪ ಇನ್ನೊಂದ್ಸಲ ಸಾಯಲ್ಲ."

ಟೀಚರ್ ದೇವರನ್ನು ನೆನೆದು ಬರೆದರು. ಪತ್ರ ಐದು ಸಾಲಿನದು: ಮಕ್ಕಳು ನಕಲು ಮಾಡಿಲ್ಲ. ಕಲಿಸಿದ್ದನ್ನು ಬರೆದಿದ್ದಾರೆ. ಕಲಿಸಿದ್ದು ತಪ್ಪು. ಕಲಿಸಿದವಳು ನಾನು. ಈ ವಿಷಯ ಬಲ್ಲವರೊಬ್ಬರನ್ನು ದಯವಿಟ್ಟು ಕಳಿಸಿ.

ನಕಲಿನ ಆಪಾದನೆ ಬಿದ್ದುಹೋಯಿತು. ಲೆಕ್ಕದ ಎರಡೆರಡು ಅಂಕ ಹೋಯಿತು. ಹೊಡೆದುಹಾಕಿದ್ದನ್ನು ಎಣಿಸುವಂತಿಲ್ಲವಾದ್ದರಿಂದ ಆ ಹುಡುಗಿಯದೂ ಹೋಯಿತು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯ ಒಂದು ಸಾಲು ಬಂತು. ಟೀಚರ್ ಅದನ್ನು ಮರೆಮಾಚುವುದಿಲ್ಲ, ಮಾತು ಬಂದರೆ ತಾವೇ ಹೇಳುತ್ತಾರೆ. ಹೊಸಬರು ಬರುವುದರೊಳಗೆ, ತಾವು ಹಲಗೆಯ ಮೇಲಷ್ಟೇ ಕಲಿಸಿದ ಎಂಟು ಪ್ರಯೋಗಗಳನ್ನೂ ಈ ಮಕ್ಕಳಿಗೆ ಕಣ್ಣಾರೆ ತೋರಿಸಬೇಕೆಂದು ಪಣ ತೊಟ್ಟಿದ್ದಾರೆ. ಅದಕ್ಕೇ ಈ ಬೆಳಗಿನ ಜಾವದ ಅಭ್ಯಾಸ. ಮಸೂರದ್ದು ಎಂಟನೆಯದು, ಕೊನೆಯದು. ಅದನ್ನು ಮೊದಲು ಮಾಡುವ ಶಕ್ತಿ ಇರಲಿಲ್ಲವಂತೆ.

ಈಗ ಒಂಬತ್ತಾಗಿದೆ. ಕಿಟಕಿಗಳಿಗೆ ಹಳೆಯ ನಕಾಶೆಗಳನ್ನು ನೇತುಹಾಕಿ ಕತ್ತಲು ಮಾಡಿದ್ದಾರೆ. ಮಕ್ಕಳು ಒಬ್ಬರ ಹೆಗಲ ಮೇಲೊಬ್ಬರು ಬಗ್ಗಿದ್ದಾರೆ. ಟೀಚರ್ ತಾವು ರಟ್ಟು ಮುಟ್ಟುವುದಿಲ್ಲ; ಕಿಟಕಿಯ ಬಳಿಯ ಹುಡುಗಿಯನ್ನು ಕರೆದು ಅವಳ ಕೈಗೆ ಕೊಡುತ್ತಾರೆ. ಅವಳು ಸರಿಸುತ್ತಾಳೆ, ನಿಲ್ಲಿಸುತ್ತಾಳೆ, ಅಳತೆಪಟ್ಟಿ ನೋಡಿ ಗಟ್ಟಿಯಾಗಿ ಓದುತ್ತಾಳೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ನಲವತ್ತೊಂದು ಪುಸ್ತಕಗಳಲ್ಲಿ ಪೆನ್ಸಿಲ್ ಓಡುವ ಸದ್ದು ಮಾತ್ರ.

ಸೋಮವಾರ ಹೊಸ ಟೀಚರ್ ಬರುತ್ತಾಳೆ. ಇಪ್ಪತ್ತಾರು ವರ್ಷದವಳು, ಇದೇ ಮೊದಲ ಕೆಲಸ. ನಿನ್ನೆ ಫೋನ್ ಮಾಡಿ ಸಾಮಾನು ಏನೇನಿದೆ ಎಂದು ಭಯದಿಂದಲೇ ವಿಚಾರಿಸಿದಳಂತೆ. ಎಲ್ಲ ಇದೆ, ಒಂದು ಚೂರೂ ಒಡೆದಿಲ್ಲ ಎಂದು ಇವರು ಹೇಳಿದ್ದಾರೆ. ಅವಳಿಂದ ನಿಮಗೇನಾದರೂ ಆಗಬೇಕೇ ಎಂದು ಕೇಳಿದರೆ ಹೂವಿನ ಟೀಚರ್ ಮಸೂರವನ್ನು ನೀಲಿ ಗೀಟಿನ ಚೂರಿನಲ್ಲಿ ಸುತ್ತಿ ಕಪಾಟಿನಲ್ಲಿಡುತ್ತಾರೆ.

"ಒಂದು ದಿನ ಅವಳ ಪಾಠಕ್ಕೆ ಹಿಂದಿನ ಬೆಂಚಲ್ಲಿ ಕೂತ್ಕೋಬೇಕು, ಬೇಡ ಅನ್ನದಿದ್ರೆ. ಇಪ್ಪತ್ತಾರು ವರ್ಷ ನಮ್ಮಿಬ್ಬರ ಪಿರಿಯಡ್ಡೂ ಒಂದೇ ಹೊತ್ತಿಗೆ ಇರ್ತಿತ್ತು, ಅಕ್ಕಪಕ್ಕದ ಕೋಣೆ. ಗೋಡೆ ಆಚೆ ಮಕ್ಕಳು ನಗೋದು ಕೇಳಿಸೋದು. ಏನಕ್ಕೆ ನಕ್ರು ಅಂತ ಮನೆಗೆ ಹೋಗಿ ಕೇಳಬೇಕು ಅಂದ್ಕೊಳ್ತಿದ್ದೆ, ಮರೆತುಹೋಗ್ತಿತ್ತು. ಅವರ ಒಂದು ಪಾಠಾನೂ ನಾನು ಪೂರ್ತಿ ಕೇಳ್ಲಿಲ್ಲ."