ಅಮ್ಮ ಬೇಡವೆಂದಿದ್ದ ಪ್ರಾಣಿಶಾಸ್ತ್ರ

ತೆಂಗಿನಗುಂಡಿಯಲ್ಲಿ ನಮ್ಮ ಮನೆ ಸಮುದ್ರಕ್ಕೆ ತೀರಾ ಹತ್ತಿರ. ನಾನು ಚಿಕ್ಕವಳಿದ್ದಾಗಲೇ ಅಪ್ಪ ಕಾಯಿಲೆಯಿಂದ ತೀರಿಕೊಂಡಿದ್ದರು. ಅಮ್ಮ ಭಟ್ಕಳದ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಅಣ್ಣ ಹೈಸ್ಕೂಲು ಬಿಟ್ಟು ದೋಣಿ ಹತ್ತಿದ್ದ.

ಬಲೆಗೆ ಬಿದ್ದು ಯಾರಿಗೂ ಬೇಡವಾದದ್ದನ್ನೆಲ್ಲ ಅಣ್ಣ ನನಗೆ ತಂದುಕೊಡುತ್ತಿದ್ದ. ನಕ್ಷತ್ರಮೀನು, ಕುದುರೆ ತಲೆಯ ಪುಟ್ಟ ಮೀನು, ಮುಟ್ಟಿದರೆ ಚೆಂಡಿನಂತೆ ಉಬ್ಬಿಕೊಳ್ಳುವ ಮುಳ್ಳಿನ ಮೀನು. ನಾನು ಅವುಗಳ ಬಗ್ಗೆ ಕಾಲೇಜಿನಲ್ಲಿ ಕೇಳಿಕೊಂಡು ಬಂದು ಹೇಳಿದರೆ, ಬಲೆ ಹೊಲಿಯುತ್ತಲೇ ಕೇಳಿಸಿಕೊಳ್ಳುತ್ತಿದ್ದ.

“ಡಿಗ್ರೀಲೂ ಇದನ್ನೇ ಓದು” ಎಂದಿದ್ದ ಒಮ್ಮೆ. “ಹಿಡಿಯೂದು ನಂಗೆ ಗೊತ್ತು. ಒಳಗೆ ಎಂತ ಇರ್ತದೆ ಅಂತ ನೀ ಹೇಳು.”

ನಾನು ಸೆಕೆಂಡ್ ಪಿಯುಸಿಯಲ್ಲಿದ್ದಾಗ, ಮಳೆಗಾಲ ಕಳೆದು ದೋಣಿಗಳು ಆಗಷ್ಟೇ ಸಮುದ್ರಕ್ಕಿಳಿದಿದ್ದವು. ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಅಣ್ಣನ ದೋಣಿ ತೆರೆಗೆ ಸಿಕ್ಕಿ ಮಗುಚಿತು. ಜೊತೆಗಿದ್ದವರು ಈಜಿ ದಡ ಸೇರಿದರು. ಅಣ್ಣ ಬಲೆಯಲ್ಲಿ ಸಿಕ್ಕಿಕೊಂಡನಂತೆ. ಮರುದಿನ ಬೆಳಿಗ್ಗೆ ಉತ್ತರದ ದಂಡೆಯಲ್ಲಿ ಸಿಕ್ಕಿದ. ಅಮ್ಮ ಅಳಲಿಲ್ಲ. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕಿವಿಯೊಳಗೆ ಸೇರಿದ್ದ ಮರಳನ್ನು ಸೆರಗಿನ ತುದಿಯಿಂದ ತೆಗೆಯುತ್ತ ಕೂತಿದ್ದಳು. ಎತ್ತಿಕೊಂಡು ಹೋಗಲು ಬಂದವರು ಅದು ಮುಗಿಯುವವರೆಗೆ ನಿಂತಿದ್ದರು.

ಹೊಟ್ಟೆಪಾಡು. ಕರ್ಮ ಮುಗಿದ ಮೇಲೆ ಅಮ್ಮ ಮತ್ತೆ ಬುಟ್ಟಿ ಹೊತ್ತಳು. ಆದರೆ ನಮ್ಮ ದಂಡೆಗೆ ಇಳಿಯಲಿಲ್ಲ, ಮೀನನ್ನು ಭಟ್ಕಳದ ಬಂದರದಲ್ಲೇ ಕೊಳ್ಳುತ್ತಿದ್ದಳು. ಮನೆಯಲ್ಲಿ ಮೀನಿನ ಸಾರು ನಿಂತುಹೋಯಿತು.

ಪಿಯುಸಿ ಪಾಸಾದಾಗ ಕುಮಟಾದಿಂದ ಮಾವ ಬಂದು ಬಿ.ಕಾಂ. ಮಾಡಿಸು, ಬ್ಯಾಂಕಿನಲ್ಲಿ ಕೆಲಸ ಸಿಗುತ್ತದೆ ಎಂದ. ನಾನು ಬಿ.ಎಸ್ಸಿ. ಎಂದೆ, ಪ್ರಾಣಿಶಾಸ್ತ್ರ ಎಂದೆ. ಅಕ್ಕಿ ಆರಿಸುತ್ತಿದ್ದ ಅಮ್ಮ ತಲೆ ಎತ್ತಲಿಲ್ಲ.

“ಬೇರೆ ಎಂತ ಬೇಕಾದ್ರೂ ಓದು. ಅದು ಬೇಡ.”

“ಅಣ್ಣನೇ ಹೇಳಿದ್ದ ಅಮ್ಮ.”

“ಅವ ಹೇಳಿದ್ದು ಅವ ಇದ್ದಾಗ.”

ಅಣ್ಣನಿಗಾಗಿ ಓದುತ್ತೇನೆ ಎಂದಿದ್ದರೆ ಅವಳು ಕರಗುತ್ತಿದ್ದಳೋ ಏನೋ. ಅದು ಪೂರ್ತಿ ನಿಜವಾಗಿರಲಿಲ್ಲ. ಅವನನ್ನು ನುಂಗಿದ ಸಮುದ್ರದ ಮೇಲೆ ನನಗಿನ್ನೂ ಆಸೆಯಿತ್ತು. ಆ ನೀರಿನೊಳಗೆ ಏನೇನಿದೆ ಎಂದು ತಿಳಿಯುವ ಆಸೆ. ಮಗನನ್ನು ಕಳೆದುಕೊಂಡವಳ ಎದುರು ಅದನ್ನು ಹೇಗೆ ಹೇಳುವುದು?

“ನಂಗೆ ಬೇರೆ ಎಂತದೂ ಓದ್ಬೇಕು ಅನ್ನಿಸೂದಿಲ್ಲ” ಎಂದಷ್ಟೇ ಹೇಳಿದೆ.

ಹೊನ್ನಾವರದ ಕಾಲೇಜಿಗೆ ಸೇರುವ ದಿನ ಅಮ್ಮ ಜೊತೆಗೆ ಬಂದಳು. ಒಳಗೆ ಬರಲಿಲ್ಲ, ಜಗಲಿಯ ಕಂಬಕ್ಕೆ ಒರಗಿ ಕೂತಳು. ನಾನು ಹೊರಗೆ ಬಂದಾಗ ಕೇಳಿದಳು, “ಆತಾ?”

“ಆತು.”

“ಅದೇಯಾ?”

“ಹೌದು.”

ಎದ್ದು, ನನಗಿಂತ ಮುಂದೆ ಬಸ್‌ಸ್ಟ್ಯಾಂಡಿನ ಕಡೆ ನಡೆದಳು. ಶರಾವತಿ ಸೇತುವೆಯ ಮೇಲೆ ಬಸ್ಸು ಹೋಗುವಾಗ ಅಲ್ಲಿಯ ಅಳಿವೆಯೂ ಕಾಣುತ್ತದೆಂದು ಮುಖ ತಿರುಗಿಸಿ ಕೂತವಳು, ಸೇತುವೆ ದಾಟಿದ ಮೇಲೂ ನನ್ನ ಕಡೆ ನೋಡಲಿಲ್ಲ.

ಪ್ರಯೋಗಾಲಯದಲ್ಲಿ ಮೊದಲ ಸಲ ಸಣ್ಣ ಶಾರ್ಕ್ ಒಂದನ್ನು ಕೊಯ್ದು ಕಿವಿರುಗಳ ಕೆಳಗೆ ಅದರ ಹೃದಯವನ್ನು ಕಂಡ ದಿನ, ಅಣ್ಣ ಹೋದ ಮೇಲೆ ಮೊದಲ ಬಾರಿಗೆ ನನಗೆ ಸಂತೋಷವಾಯಿತು. ಮನೆಗೆ ಬಂದು ಹೇಳಲು ಯಾರೂ ಇರಲಿಲ್ಲ. ಕೈಗೆ ಹತ್ತಿದ ಫಾರ್ಮಾಲಿನ್ ವಾಸನೆ ಹೋಗಲೆಂದು ಬಾವಿಕಟ್ಟೆಯಲ್ಲಿ ಸೋಪು ಹಚ್ಚಿ ಹಚ್ಚಿ ತೊಳೆದೆ. ಡಿಗ್ರಿ ಮುಗಿಯುವವರೆಗೂ ಹೀಗೇ ನಡೆಯಿತು. ಅಮ್ಮ ಬೆಳಿಗ್ಗೆ ಬುತ್ತಿ ಕಟ್ಟಿಕೊಡುತ್ತಿದ್ದಳು, ಏನು ಓದಿದೆ ಎಂದು ಒಂದು ದಿನವೂ ಕೇಳಲಿಲ್ಲ.

ಬಿ.ಎಡ್. ಮುಗಿಸಿ ಹಿರೇಗುತ್ತಿಯ ಕಡೆ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಸೇರಿದ ಮೇಲೆ ಅಮ್ಮನನ್ನು ನನ್ನ ಜೊತೆ ಕರೆದುಕೊಂಡು ಬಂದೆ. ಅವಳು ಬುಟ್ಟಿ ಬಿಟ್ಟಳು. ಒಂದು ಭಾನುವಾರ ಮಧ್ಯಾಹ್ನ ನಾನು ಮಕ್ಕಳ ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಮ್ಮ ಬಂದು ಪಕ್ಕದಲ್ಲಿ ಕೂತಳು. ತಿದ್ದಿಟ್ಟ ಹಾಳೆಗಳನ್ನು ಒಂದರ ಮೇಲೊಂದು ಜೋಡಿಸುತ್ತ ಕೇಳಿದಳು:

“ನೀ ಅಷ್ಟೆಲ್ಲ ಓದಿದ್ಯಲ್ಲ. ನೀರೊಳಗೆ ಅವನಿಗೆ ಬಾಳ ಹೊತ್ತು ತ್ರಾಸಾಗಿತ್ತಾ?”

ಇಷ್ಟು ವರ್ಷ ಅವಳು ಏನನ್ನೂ ಕೇಳದಿದ್ದುದು ಈ ಒಂದು ಪ್ರಶ್ನೆಗೆ ಹೆದರಿ ಎಂದು ಆಗ ಅರ್ಥವಾಯಿತು. ಮೀನು ನೀರಿನಲ್ಲಿ ಹೇಗೆ ಉಸಿರಾಡುತ್ತದೆಂದು ನಾನು ಓದಿದ್ದೆ. ನನ್ನ ಅಣ್ಣನಿಗೆ ಆ ಹೊತ್ತು ಏನಾಗಿರಬಹುದೆಂದು ಯಾವ ತರಗತಿಯಲ್ಲೂ ಕೇಳುವ ಧೈರ್ಯ ಮಾಡಿರಲಿಲ್ಲ.

“ಇಲ್ಲ ಅಮ್ಮ” ಎಂದೆ. “ಬೇಗ ಎಚ್ಚರ ತಪ್ಪಿಹೋಗ್ತದೆ. ಗೊತ್ತೇ ಆಗೂದಿಲ್ಲ.”

ಅವಳು ನನ್ನ ಮುಖವನ್ನೇ ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

“ಆತು” ಎಂದು ಎದ್ದು, ಅಂಗಳದಲ್ಲಿ ಒಣಗಿದ್ದ ಬಟ್ಟೆ ತೆಗೆಯಲು ಹೋದಳು.