ಅಪ್ಪನ ಕತ್ತಿ ಮಾಡಿದವನ ಹೆಸರು

ಅಣ್ಣ ನನಗೆ ಹೇಳಿದ್ದು ಒಂದೇ ಕೆಲಸ, ಕತ್ತಿಯ ಮೇಲಿನ ಹೆಸರು ಓದಿಸಿಕೊಂಡು ಬಾ ಎಂದು. ನಾನದನ್ನು ಮಾಡಲಿಲ್ಲ. ಇನ್ನು ಯಾರೂ ಮಾಡಲಾಗದಂತೆ ಮಾಡಿಟ್ಟೆ, ಅದನ್ನೂ ಹೇಳಲಿಲ್ಲ.

ಅದು ಅಪ್ಪನ ಕ್ಷೌರದ ಕತ್ತಿ, ಹಿಡಿಯೊಳಗೆ ಮಡಚಿಡುವಂಥದ್ದು. ಹೆಬ್ಬಳ್ಳಿಯಲ್ಲಿ ಅಪ್ಪ ಮನೆಮನೆಗೆ ಹೋಗಿ ಗಡ್ಡ ಹೆರೆಯುತ್ತಿದ್ದದ್ದು ಅದರಿಂದಲೇ. ಅಪ್ಪ ತೀರಿಕೊಂಡ ಮೇಲೆ ಅಣ್ಣ ಶಾಲೆ ಬಿಟ್ಟು ಅದನ್ನು ಹಿಡಿದ, ಹಾಗಾಗಿ ನಾನು ಏಳನೆಯ ಇಯತ್ತೆಯವರೆಗಾದರೂ ಓದಿದೆ. ಈಗ ಧಾರವಾಡದ ಅವನ ಅಂಗಡಿಯಲ್ಲಿ ಎಲ್ಲವೂ ಬ್ಲೇಡಿನ ಕೆಲಸ. ಕತ್ತಿಯನ್ನು ದಸರೆಯಲ್ಲಿ ಆಯುಧಗಳಿಗೆ ಮಾಡುವ ಖಂಡೇಪೂಜೆಯ ದಿನ ಹೊರಗೆ ತೆಗೆದು, ಕುಂಕುಮ ಹಚ್ಚಿ, ಅಪ್ಪನ ಹೆಸರು, ಅಜ್ಜನ ಹೆಸರು ಹೇಳಿ ಕಾಯಿ ಒಡೆಯುತ್ತಾನೆ.

ಹಳೆಯ ಕತ್ತಿಗಳನ್ನು ಕೂಡಿಡುವ ಗಿರಾಕಿಯೊಬ್ಬರು ಒಮ್ಮೆ ಅದನ್ನು ನೋಡಿದರು. ಅಲಗು ಮುಗಿದು ಹಿಡಿ ಸೇರುವಲ್ಲಿ ತಯಾರಿಸಿದವರ ಹೆಸರು ಒತ್ತಿರುತ್ತಾರೆ, ಇಲ್ಲೂ ತುಕ್ಕಿನ ಕೆಳಗೆ ಏನೋ ಇದೆ ಎಂದರು. ಅಣ್ಣನಿಗೆ ಅದೇ ಗುಂಗು ಹಿಡಿಯಿತು.

‘ಅಪ್ಪನ ಹೆಸರ ಹೇಳ್ತೀವಿ, ಅಜ್ಜನ ಹೆಸರ ಹೇಳ್ತೀವಿ, ಮಾಡಿದಾಂವನ ಹೆಸರ ಗೊತ್ತಿಲ್ಲಲೋ ತಮ್ಮಾ. ಅಂವ ಮಾಡಿದ್ದಕ್ಕಲ್ಲೇನ ನಾವು ಉಂಡದ್ದು?’

ನಾನು ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಸಣ್ಣ ವರ್ಕ್‌ಶಾಪೊಂದರಲ್ಲಿ ಉಕ್ಕಿನ ಸಾಮಾನನ್ನು ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುವವನು. ಕತ್ತಿಯನ್ನು ಅಲ್ಲಿಗೆ ಒಯ್ದೆ. ಕೆಲವು ಇಂಗ್ಲಿಷ್ ಅಕ್ಷರಗಳ ನೆರಳು ಕಾಣುತ್ತಿತ್ತು. ಫೋಟೋ ತೆಗೆದು ಆ ಗಿರಾಕಿಗೆ ಕಳಿಸಿದ್ದರೆ ಸಾಕಿತ್ತು. ಆದರೆ ತುಕ್ಕು ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಊಟದ ಬಿಡುವಿನಲ್ಲಿ ಚಕ್ರಕ್ಕೆ ಹಿಡಿದೆ. ತುಕ್ಕು ಹೋಯಿತು. ಇನ್ನೊಂದಿಷ್ಟು ಹಿಡಿದರೆ ಅಕ್ಷರಗಳು ಎದ್ದು ಕಾಣುತ್ತವೆ ಅಂದುಕೊಂಡೆ. ಒರೆಸಿ ನೋಡಿದರೆ ಅಲ್ಲಿ ಕಂಡದ್ದು ನನ್ನದೇ ಮುಖ. ಬಿಸಿಲಿಗೆ ಓರೆ ಹಿಡಿದೆ, ಬಾಯಿಂದ ಹಬೆ ಊದಿ ನೋಡಿದೆ. ಏನೂ ಇರಲಿಲ್ಲ.

ತುಕ್ಕಿನ ಕೆಳಗೆ ಹೆಸರೇ ಇರಲಿಲ್ಲವೆಂದು ಅಣ್ಣನಿಗೆ ಹೇಳಿದೆ. ಅವನು ಆ ಜಾಗದ ಮೇಲೆ ಬಹಳ ಹೊತ್ತು ಉಗುರಾಡಿಸಿದ. ಮೊದಲು ಇಲ್ಲಿ ಏನೋ ಉಗುರಿಗೆ ಹತ್ತುತ್ತಿತ್ತು ಎಂದ. ನನ್ನ ಮೇಲೆ ಅವನಿಗೆ ಸಂಶಯ ಬರಲೇ ಇಲ್ಲ. ಇಷ್ಟು ವರ್ಷ ತಾನೇ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಸವೆಸಿದ್ದೇನೆ ಎಂದು ನಂಬಿಬಿಟ್ಟ.

ಆ ಗಿರಾಕಿ ಮತ್ತೆ ಬಂದಾಗ ನಾನು ಅಂಗಡಿಯ ಬೆಂಚಿನ ಮೇಲೇ ಕುಳಿತಿದ್ದೆ. ಕತ್ತಿಯ ಆಕಾರ ನೋಡಿ ಊಹೆ ಮಾಡಬಹುದು, ಗುರುತಿಲ್ಲದೆ ಇಂಥವರದೇ ಎನ್ನಲಾಗದು ಎಂದರು. ಅಣ್ಣ ಕೈ ಮುಗಿದ.

‘ನಂದ ತಪ್ಪರಿ. ಗೊತ್ತಾಗದ ತಿಕ್ಕಿಬಿಟ್ಟೇನ್ರಿ.’

ನಾನು ಪೇಪರನ್ನು ಮುಖಕ್ಕೆ ಹಿಡಿದು ಕುಳಿತೆ.

ಈ ಸಲದ ಖಂಡೇಪೂಜೆಯಲ್ಲಿ ಅಣ್ಣ ಅಪ್ಪನ ಹೆಸರು ಹೇಳಿದ, ಅಜ್ಜನ ಹೆಸರು ಹೇಳಿದ. ಕಾಯಿಗಾಗಿ ನನ್ನತ್ತ ಕೈ ಚಾಚಿದವನು ನಡುವೆಯೇ ನಿಂತು, ಕತ್ತಿಯ ಕಡೆ ತಿರುಗಿ, ಯಾರೋ ಎದುರಿಗೆ ಕುಳಿತಿದ್ದಾರೆ ಎಂಬಂತೆ ಮೆಲ್ಲಗೆ ಅಂದ:

‘ನಿಮ್ಮ ಹೆಸರ ನನ್ನ ಕೈಯಾಗ ಅಳಿಸೇತ್ರಿ. ಹೊಟ್ಟ್ಯಾಗ ಹಾಕ್ಕೋರಿ.’

ಕಾಯಿ ಕೊಡಲು ನನ್ನಿಂದಾಗಲಿಲ್ಲ. ಅದನ್ನು ಎದೆಗವಚಿಕೊಂಡೇ ಹೇಳಿದೆ.

‘ನಿನ್ನ ಕೈ ಅಲ್ಲಣ್ಣಾ. ಮಷಿನ್ನಿಗೆ ಹಿಡದು ನಾನ ಅಳಿಸೇನಿ. ನಿನ್ನ ಮುಂದ ಸುಳ್ಳ ಹೇಳೇನಿ. ತಪ್ಪಾತಣ್ಣಾ.’