ದರ್ಜಿಯ ಮಗಳು ಎರಡನೆಯ ಸಲ ಬರೆದ ಪರೀಕ್ಷೆ

ನಿವೃತ್ತಿಯ ದಿನ ತೊಡಲು ನನಗೊಂದು ಪ್ಯಾಂಟು ಬೇಕಿತ್ತು. ನಾನು ಕಲಿಸುತ್ತಿದ್ದ ಶಾಲೆಯ ಹಿಂದಿನ ಓಣಿಯಲ್ಲಿ ಹೊಸದಾಗಿ ಅಂಗಡಿ ತೆರೆದಿದ್ದ ದರ್ಜಿಯ ಬಳಿಗೆ ಹೋಗಿ ವಿಷಯ ಹೇಳಿದೆ. ಆತನನ್ನು ನಾನು ಮೊದಲು ಕಂಡದ್ದು ಅಂದೇ. ಸೊಂಟದ ಅಳತೆ ತೆಗೆದು, ಟೇಪನ್ನು ಕೊರಳಿಗೆ ಹಾಕಿಕೊಂಡು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ.

"ಒಳಗೆ ಅರ್ಧ ಇಂಚು ಬಟ್ಟೆ ಬಿಟ್ಟಿರ್ತೀನಿ ಮೇಷ್ಟ್ರೇ. ಮನೇಲಿ ಕೂತ್ರೆ ಹೊಟ್ಟೆ ಬರುತ್ತೆ."

"ನಾನು ದಿನಾ ನಡೀತೀನಪ್ಪಾ."

"ಎಲ್ರೂ ಹಾಗೇ ಅಂತಾರೆ," ಎನ್ನುತ್ತ ಅಳತೆ ಬರೆದುಕೊಂಡ.

ಎಂಟು ತಿಂಗಳ ನಂತರ ಆ ಅರ್ಧ ಇಂಚನ್ನು ಬಿಚ್ಚಿಸಿಕೊಳ್ಳಲು ಹೋದೆ. ಆತ ಹಳೆಯ ಅಳತೆಯನ್ನು ಹೊಡೆದುಹಾಕಿ ಹೊಸದನ್ನು ಬರೆದುಕೊಂಡ. ಬಾಯಿಬಿಟ್ಟು ಏನಾದರೂ ಹೇಳಿದ್ದರೇ ಒಳ್ಳೆಯದಿತ್ತು.

ಓಣಿಯವರೆಲ್ಲ ಆತನನ್ನು ಅರ್ಧ ಇಂಚು ಎಂದೇ ಕರೆಯುತ್ತಿದ್ದರು. ಆತನ ಕೆಲಸಕ್ಕೆ ಒಂದು ಕ್ರಮವಿತ್ತು. ಬಟ್ಟೆಯನ್ನು ಮೇಜಿನ ಮೇಲೆ ಹಾಸಿ ಬೆನ್ನು, ಎದೆ, ತೋಳು, ಕಾಲರು, ಕಿಸೆ ಎಲ್ಲಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದ. ಒಂದೇ ಒಂದು ಗುರುತು ಬಾಕಿಯಿದ್ದರೂ ಕತ್ತರಿ ಮುಟ್ಟುತ್ತಿರಲಿಲ್ಲ. ಪಕ್ಕದ ಯಂತ್ರದಲ್ಲಿ ಹೆಂಡತಿ ಹೊಲಿಯುತ್ತಿದ್ದಳು. ಮೇಜಿನ ಕೆಳಗೆ, ಬಟ್ಟೆಯ ಚೂರುಗಳ ನಡುವೆ ಕುಳಿತು ಮಗಳು ಓದುತ್ತಿದ್ದಳು.

ಆಚೆ ಬೀದಿಯಲ್ಲಿ ಪ್ರವೇಶ ಪರೀಕ್ಷೆಯಲ್ಲಿ ಗೆದ್ದವರನ್ನು ಮಾತ್ರ ಆರನೆಯ ತರಗತಿಗೆ ಸೇರಿಸಿಕೊಳ್ಳುವ ಒಂದು ಶಾಲೆಯಿತ್ತು. ಅಲ್ಲಿನ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದವನು ಈತನೇ. ಮಗಳು ಐದನೆಯ ತರಗತಿಯಲ್ಲಿದ್ದಾಗ ಪರೀಕ್ಷೆ ಬರೆದಳು. ಫಲಿತಾಂಶ ಬರುವ ಮುನ್ನವೇ ಅವಳ ಅಳತೆಗೆ ಆ ಶಾಲೆಯ ಬೂದು ಬಣ್ಣದ ಲಂಗ ಹೊಲಿದು ಗೂಟಕ್ಕೆ ನೇತುಹಾಕಿದ. ಫಲಿತಾಂಶ ಬಂತು. ನೂರಕ್ಕೆ ಐವತ್ತೇಳು. ಸೀಟಿಗೆ ಎಂಬತ್ತು ಬೇಕಿತ್ತು. ಲಂಗ ಗೂಟದಲ್ಲೇ ಉಳಿಯಿತು.

ಮುಂದಿನ ವರ್ಷ ಇನ್ನೊಮ್ಮೆ ಬರೆಯಲು ಅವಕಾಶವಿತ್ತು. ಆದರೆ ಹಾಗೆ ಬರೆಯುವವರು ಇನ್ನೊಂದು ವರ್ಷ ಐದನೆಯ ತರಗತಿಯಲ್ಲೇ ಕೂರಬೇಕಿತ್ತು. ಈ ಮಾತು ನಡೆದಾಗ ನಾನು ಅಂಗಡಿಯಲ್ಲಿದ್ದೆ.

"ಬರೀಲಿ ಬಿಡು. ಒಂದು ವರ್ಷ ತಾನೇ," ಎಂದ ದರ್ಜಿ.

"ಒಂದು ವರ್ಷ ತಾನೇ ಅಂತೆ! ಹಾಗಾದ್ರೆ ನೀವೇ ಹೋಗಿ ಕೂತ್ಕೊಳ್ಳಿ," ಎಂದು ಹೆಂಡತಿ ಹಲ್ಲಿನಲ್ಲಿ ದಾರ ಕಡಿದಳು. "ಜೊತೆಯವರೆಲ್ಲ ಮುಂದೆ ಹೋಗ್ತಾರೆ. ಇವಳು ಪುಟಾಣಿಗಳ ಮಧ್ಯೆ ಒಂಟೆ ಹಾಗೆ ಕೂರಬೇಕಾ?"

"ಆ ಸ್ಕೂಲಿನ ಗೇಟು ನಾನು ದಾಟಿದ್ದು ಅಳತೆ ತಗೊಳ್ಳೋಕೆ. ಅವಳು ಪುಸ್ತಕ ಹಿಡ್ಕೊಂಡು ದಾಟಲಿ ಅಂತ ಆಸೆ. ಮೇಷ್ಟ್ರೇ, ನೀವೇ ಹೇಳಿ."

ನಾನು ಅವಳ ಪ್ರಶ್ನೆಪತ್ರಿಕೆಯನ್ನು ಕೇಳಿ ಪಡೆದು ಮನೆಗೆ ಒಯ್ದೆ. ನೂರು ಪ್ರಶ್ನೆಗೂ ಅವಳು ತನಗೆ ಸರಿಯೆಂದು ಕಂಡ ಉತ್ತರದ ಪಕ್ಕದಲ್ಲಿ ಪೆನ್ಸಿಲಿನಿಂದ ಸಣ್ಣ ಚುಕ್ಕಿ ಇಟ್ಟಿದ್ದಳು. ಎಣಿಸಿದೆ. ತೊಂಬತ್ತಮೂರು ಸರಿಯಿದ್ದವು. ಮತ್ತೆ ಐವತ್ತೇಳೇ ಬಂದದ್ದು ಹೇಗೆ ಎಂದು ಮರುದಿನ ಅಂಗಡಿಗೆ ಹೋಗಿ ಅವಳನ್ನೇ ಕೇಳಿದೆ.

"ಮೊದಲು ಎಲ್ಲಾದಕ್ಕೂ ಗುರುತು ಹಾಕ್ಕೊಂಡೆ ಅಜ್ಜ. ಆಮೇಲೆ ಉತ್ತರದ ಹಾಳೇಲಿ ಸೊನ್ನೆಗಳಿಗೆ ಶಾಯಿ ತುಂಬೋಕೆ ಶುರು ಮಾಡ್ದೆ. ಅರವತ್ತೊಂದು ಆಗೋ ಹೊತ್ತಿಗೆ ಗಂಟೆ ಹೊಡೆದ್ರು."

"ಗೊತ್ತಿದ್ದನ್ನ ಆಗಲೇ ತುಂಬಬಾರದಾಗಿತ್ತೇನಮ್ಮಾ?"

"ಗುರುತೆಲ್ಲ ಮುಗೀದೆ ಕತ್ತರಿ ಮುಟ್ಟಬಾರದಲ್ಲ," ಎಂದಳು.

ದರ್ಜಿ ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಟ್ಟ. ಹೆಂಡತಿ ಗಂಡನ ಕಡೆಗೆ ನೋಡಲಿಲ್ಲ. ಅದು ಅವಳು ಮಾಡಿದ ದೊಡ್ಡ ಉಪಕಾರ.

ತೊಂಬತ್ತಮೂರು ಬಲ್ಲ ಮಗು ಬಿಟ್ಟುಕೊಡಬಾರದು, ಒಂದು ವರ್ಷ ಹೋದರೆ ಹೋಗಲಿ ಎಂದು ನಾನು ತರಗತಿಯ ದನಿಯಲ್ಲೇ ಹೇಳಿದೆ. ಎಲ್ಲ ಕೇಳಿಸಿಕೊಂಡ ಹುಡುಗಿ, "ನಿಮ್ಮ ಹತ್ರ ಬೇರೆ ಪೇಪರ್ ಇದ್ಯಾ ಅಜ್ಜ?" ಎಂದಳು. ಹಿಂದಿನ ವರ್ಷದ್ದಿತ್ತು. ತಂದುಕೊಟ್ಟೆ.

ಕತ್ತರಿಸುವ ಮೇಜೇ ಪರೀಕ್ಷೆಯ ಮೇಜಾಯಿತು. ಗೋಡೆಯ ಗಡಿಯಾರ ನೋಡಿ ಎರಡು ಗಂಟೆ ಕೊಟ್ಟೆವು. ಯಂತ್ರಗಳೆರಡೂ ನಿಂತವು. ಅಂಗಿ ಒಯ್ಯಲು ಬಂದ ಗಿರಾಕಿಯೊಬ್ಬರನ್ನು ದರ್ಜಿ ತುಟಿಯ ಮೇಲೆ ಬೆರಳಿಟ್ಟು ಮೂಲೆಯಲ್ಲಿ ಕೂರಿಸಿದ. ಪಾಪ, ಅವರು ಕೊನೆಯವರೆಗೂ ಕುಳಿತಿದ್ದರು. ಹುಡುಗಿ ಈ ಸಲ ಒಂದೊಂದನ್ನೂ ಓದಿದ ಕೂಡಲೇ ಶಾಯಿ ತುಂಬಿದಳು. ಇನ್ನೂ ಕಾಲು ಗಂಟೆಯಿರುವಾಗ ಹಾಳೆ ಕೊಟ್ಟಳು. ಕೆಂಪು ಶಾಯಿಯ ಪೆನ್ನು ನನ್ನ ಜೇಬಿನಲ್ಲಿ ಈಗಲೂ ಇರುತ್ತದೆ. ಅಲ್ಲೇ ತಿದ್ದಿದೆ. ತೊಂಬತ್ತನಾಲ್ಕು.

"ನೋಡಿದ್ಯಾ! ಮುಂದಿನ ವರ್ಷ..." ಎಂದು ದರ್ಜಿ ಎದ್ದು ನಿಂತ.

"ಮುಂದಿನ ವರ್ಷ ಏನಪ್ಪಾ? ಎರಡನೇ ಸಲ ಬರೆದ್ನಲ್ಲ, ಪಾಸೂ ಆದ್ನಲ್ಲ. ಇನ್ನು ಆರನೇ ಕ್ಲಾಸಿಗೆ ಹೋಗ್ತೀನಿ, ನಮ್ಮ ಸ್ಕೂಲಲ್ಲೇ," ಎಂದಳು.

ದರ್ಜಿ ಮತ್ತೆ ಕುಳಿತ. ನಾನು ಕೆಂಪು ಪೆನ್ನಿಗೆ ಮುಚ್ಚಳ ಹಾಕಿದೆ. ಮೂಲೆಯಲ್ಲಿದ್ದ ಗಿರಾಕಿ, "ಸರಿಯಾಗೇ ಹೇಳ್ತಾಳೆ. ನನ್ನ ಅಂಗಿ ಕೊಡ್ತೀರಾ?" ಎಂದರು.

ಸಂಜೆ ದರ್ಜಿ ಮಗಳನ್ನು ಮತ್ತೊಮ್ಮೆ ವಿಚಾರಿಸಿದನಂತೆ. "ಆ ಸ್ಕೂಲಿನ ಮೇಲೆ ಆಸೆ ಇಲ್ವಾ ಅಂತ ಕೇಳ್ದೆ ಮೇಷ್ಟ್ರೇ. ಗೇಟು ಚೆನ್ನಾಗಿದೆ ಅಂದ್ಳು, ಅಷ್ಟೇ." ಆತ ಗೂಟದ ಲಂಗವನ್ನು ಇಳಿಸಿ, ಹೊಲಿಗೆ ಬಿಚ್ಚಿ, ಸೀಟು ಸಿಕ್ಕ ಬೇರೊಬ್ಬಳ ಅಳತೆಗೆ ಹೊಲಿದ. ಒಳಗೆ ಅರ್ಧ ಇಂಚು ಬಿಟ್ಟ.

ಹುಡುಗಿ ಈಗ ತನ್ನ ಹಳೆಯ ಶಾಲೆಯಲ್ಲೇ ಎಂಟನೆಯ ತರಗತಿಯಲ್ಲಿದ್ದಾಳೆ. ಓದುವುದು ಮೇಜಿನ ಕೆಳಗಲ್ಲ, ಕಾಲು ಹಿಡಿಸುವುದಿಲ್ಲ. ದರ್ಜಿಯ ಕ್ರಮ ಮಾತ್ರ ಬದಲಾಗಿದೆ. ಬೆನ್ನಿಗೆ ಗುರುತು ಹಾಕಿದ ಕೂಡಲೇ ಬೆನ್ನನ್ನು ಕತ್ತರಿಸುತ್ತಾನೆ, ಆಮೇಲೆ ಎದೆ, ಕೊನೆಗೆ ತೋಳು. ಮಗಳು ಹೇಳಿಕೊಟ್ಟದ್ದು ಎಂದು ಎಲ್ಲರಿಗೂ ಹೇಳುತ್ತಾನೆ. ಕಳೆದ ತಿಂಗಳು ನನ್ನ ಅಂಗಿಯ ತೋಳಿಗೆ ಬರುವಷ್ಟರಲ್ಲಿ ಬಟ್ಟೆ ಮುಗಿದಿತ್ತು.

"ಸೆಕೆಗಾಲ ಅಲ್ವಾ ಮೇಷ್ಟ್ರೇ," ಎಂದು ಅಂಗಿ ಕೊಟ್ಟ.

ಅರ್ಧ ತೋಳಿನ ಆ ಅಂಗಿಯನ್ನೇ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಗಾಳಿ ಚೆನ್ನಾಗಿ ಆಡುತ್ತದೆ.